ಮೇಲೆ ಕೂತವನಿಗೆ ಬುತ್ತಿ

ಪದ್ಮಾಕ್ಷಿಯ ಕೈಯ ಕತ್ತರಿ ಬೀಡಿ ಎಲೆಯ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಎಲೆ ಹರಡಿದ ಮೊರದಂಥ ತಡ್ಪೆಯ ಅಂಚಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಡ್ರೋನು ಗಿಡುಗದ ಹಾಗೆ ಓರೆಯಾಗಿ ತಿರುಗಿ, ಮಂಗಳೂರಿನ ಹೊಸ ಟವರಿನ ನೆತ್ತಿಯ ಮೇಲೆ ನಿಂತಿದ್ದ ಹಳದಿ ಕ್ರೇನಿನ ಹತ್ತಿರಕ್ಕೆ ಹೋಗಿತ್ತು. ಕ್ರೇನಿನ ಕತ್ತಿನ ಹತ್ತಿರ ಒಂದು ಗಾಜಿನ ಗೂಡು. ಗೂಡಿನೊಳಗೆ ಒಬ್ಬ ಮನುಷ್ಯ ಕೂತಿದ್ದ. ತಲೆಗೆ ಹೆಲ್ಮೆಟ್ಟು, ಅದರ ಕೆಳಗೆ ಮುಖ ತುಂಬ ಗಡ್ಡ. ಅವನ ಕಾಲಿನ ಕೆಳಗೂ ಗಾಜೇ. ಆ ಗಾಜಿನ ಕೆಳಗೆ ಏನೂ ಇರಲಿಲ್ಲ.

"ನಮಸ್ಕಾರ ಸ್ನೇಹಿತರೇ. ನಮ್ಮ ಮಂಗಳೂರಿನ ಟವರ್ ಈ ವಾರ ಇಪ್ಪತ್ತಾರನೆಯ ಮಹಡಿಗೆ ತಲುಪಿದೆ ಎಂದು ತಿಳಿಸಲು ಹರ್ಷವಾಗುತ್ತದೆ," ಎಂದು ವೀಡಿಯೋ ಮಾಡುವ ಮನ್ವಿತ್ ಹೇಳುತ್ತಿದ್ದ. ಮೂಡುಬಿದಿರೆಯ ಹುಡುಗನಂತೆ ಅವನು. ಶಾಲೆಯ ಭಾಷಣ ಸ್ಪರ್ಧೆಯಲ್ಲಿ ನಿಂತವನ ಹಾಗೆ ಒಂದೊಂದೇ ಮಾತನ್ನು ಬಿಡಿಸಿ ಹೇಳುವುದು ಅವನ ಕ್ರಮ. ಅವನು ಅಷ್ಟು ಹೇಳುವುದರೊಳಗೆ ಡ್ರೋನು ಗಾಜಿನ ಗೂಡನ್ನು ದಾಟಿ ಸಮುದ್ರದ ಕಡೆಗೆ ಮುಖ ಮಾಡಿತ್ತು.

ಪದ್ಮಾಕ್ಷಿ ಹಿಂದಕ್ಕೆ ತರಲು ನೋಡಿದಳು. ಬೆರಳಿಗೆಲ್ಲ ಹೊಗೆಸೊಪ್ಪಿನ ಹುಡಿ. ಮೊಬೈಲು ಮಾತು ಕೇಳಲಿಲ್ಲ.

"ಎಂತ ಆಯ್ತು ಮಾಮಿ?" ಜಗಲಿಯಿಂದ ಸೊಸೆ ಪ್ರಾಪ್ತಿ ಕೇಳಿದಳು.

"ಎಂತದೂ ಇಲ್ಲ. ಕೈ ತಾಗಿ ಬಂದ್ ಆಯ್ತು."

ಪ್ರಾಪ್ತಿ ಬಸುರಿಯಾದಂದಿನಿಂದ ಪದ್ಮಾಕ್ಷಿ ತನ್ನ ತಡ್ಪೆ, ಎಲೆ, ನೂಲಿನ ಉಂಡೆ ಎಲ್ಲವನ್ನೂ ಎತ್ತಿಕೊಂಡು ಬಚ್ಚಲಿನ ಪಕ್ಕದ ಮಾಡಿನಡಿಗೆ ಬಂದಿದ್ದಳು. ಹೊಗೆಸೊಪ್ಪಿನ ಘಾಟು ಹೊಟ್ಟೆಯಲ್ಲಿರುವ ಮಗುವಿಗೆ ಆಗದು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಸೊಸೆ ಒಂದು ಸಲ ಸೀನಿದ್ದೇ ಸಾಕಾಗಿತ್ತು. ಮೆಲ್ಕಾರಿನ ಹೆದ್ದಾರಿಯಿಂದ ಕೂಗಳತೆಯಲ್ಲಿರುವ ಆ ಪುಟ್ಟ ಮನೆಯಲ್ಲಿ ಈಗ ಅತ್ತೆ ಹಿಂದುಗಡೆ, ಸೊಸೆ ಮುಂದುಗಡೆ. ನಡುವೆ ಈ ಟವರಿನ ವೀಡಿಯೋ. ಪದ್ಮಾಕ್ಷಿಯ ಮಗ ತರುಣ್ ಆ ಟವರಿನಲ್ಲೇ ಕೆಲಸಕ್ಕಿದ್ದ. ಮೇಲೆ ಅಲ್ಲ, ಕೆಳಗೆ, ಸ್ಟೋರಿನಲ್ಲಿ. ಗಲ್ಫಿನಲ್ಲಿದ್ದಾಗಲೂ ಸ್ಟೋರಿನಲ್ಲೇ ಇದ್ದನಂತೆ. ಸೋಮವಾರ ಹೋದರೆ ಶನಿವಾರ ಬರುತ್ತಿದ್ದ. ನಡುವೆ ಗುರುವಾರಕ್ಕೊಮ್ಮೆ ಬರುವ ಈ ವೀಡಿಯೋ ನೋಡಿದರೆ ಮಗನನ್ನೇ ನೋಡಿದಷ್ಟು ಸಮಾಧಾನ ಅವಳಿಗೆ. ಈವರೆಗೆ ಹಾಗಿತ್ತು.

ಸ್ಟೋರು ಎಂದು ಕೇಳಿಯೇ ಅವಳು ಮಗನನ್ನು ಕೆಲಸಕ್ಕೆ ಕಳಿಸಿದ್ದು. ಗಂಡ ಧರ್ಣಪ್ಪ ತಾಳೆಮರದಿಂದ ಕಳ್ಳು ಇಳಿಸುತ್ತಿದ್ದವನು. ಕಣ್ಣು ಮುಚ್ಚಿ ಹತ್ತುತ್ತಾನೆ ಎಂದು ಊರು ಹೊಗಳುತ್ತಿತ್ತು. ಒಂದು ಬೆಳಿಗ್ಗೆ ಗದ್ದೆಯ ಬದಿಯ ಮರದ ಬುಡದಲ್ಲಿ, ನಿದ್ದೆ ಬಂದವನ ಹಾಗೆ ಮಗ್ಗುಲಾಗಿ ಬಿದ್ದುಕೊಂಡಿದ್ದ. ಸೊಂಟಕ್ಕೆ ಕಟ್ಟಿದ್ದ ಸೋರೆಬುರುಡೆ ಒಡೆದಿರಲಿಲ್ಲ. ಅದರಲ್ಲಿ ಕಳ್ಳು ಹಾಗೆಯೇ ಇತ್ತು. ಆ ವರ್ಷ ಪದ್ಮಾಕ್ಷಿ, ಶಾಲೆಗೆ ಹೋಗುತ್ತಿದ್ದ ಮಗನ ಕೈಯನ್ನು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡು, ನೆಲ ಬಿಟ್ಟು ಮಾಡುವ ಕೆಲಸಕ್ಕೆ ಹೋಗುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದಳು.

ಗಡ್ಡವೂ ಅವಳದೇ ಕಟ್ಟಳೆ. ಹೆಂಡತಿ ಬಸುರಿಯಾದರೆ ಹೆರಿಗೆಯವರೆಗೆ ಗಂಡ ಕೂದಲಿಗೆ, ಗಡ್ಡಕ್ಕೆ ಕತ್ತಿ ತಾಗಿಸಬಾರದು, ಹೆಣ ಹೊರಬಾರದು, ಎತ್ತರ ಹತ್ತಬಾರದು. ಅವಳ ಅತ್ತೆ ಹೇಳಿದ್ದನ್ನು ಅವಳು ಮಗನಿಗೆ ಹೇಳಿದ್ದಳು. "ಹೆಲ್ಮೆಟ್ಟಿನ ಬೆಲ್ಟು ಕಟ್ಟುವಾಗ ತುರಿಸ್ತದೆ ಅಮ್ಮ" ಎಂದು ತರುಣ್ ಗೊಣಗಿದ್ದ. ಆದರೂ ಬಿಟ್ಟಿದ್ದ. ಈಗ ಅದು ಮುಖ ತುಂಬ ಬಂದಿತ್ತು.

ಸ್ಟೋರಿನಲ್ಲಿ ಕೂತವನಿಗೆ ಹೆಲ್ಮೆಟ್ಟು ಯಾತಕ್ಕೆ ಎಂದು ಆ ದಿನ ಅವಳು ಕೇಳಿರಲಿಲ್ಲ.

ಶನಿವಾರ ಸಂಜೆ ತರುಣ್ ಬಸ್ಸಿಳಿದು ಬರುವುದನ್ನೇ ಅವಳು ಬೇಲಿಯ ದಣಪೆಯ ಹತ್ತಿರ ಕಾದಳು. ಪ್ರಾಪ್ತಿಗೆ ಕೇಳಿಸಬಾರದು ಎಂದು ಮಗನನ್ನು ಬಾವಿಕಟ್ಟೆಯ ಕಡೆಗೆ ಕರೆದಳು.

"ಕ್ರೇನಿನ ಮೇಲೆ ಒಬ್ಬ ಕೂತಿದ್ದ. ಗಡ್ಡದವ," ಎಂದಳು.

ತರುಣ್ ಬಾವಿಯಿಂದ ನೀರು ಸೇದಿ ಕಾಲಿಗೆ ಸುರಿದುಕೊಂಡ. ಇನ್ನೊಂದು ಕೊಡ ಸೇದಿದ. ಆಮೇಲೆ ನಕ್ಕ.

"ಅವನಾ? ಅವ ಯಾಕೂಬ್. ಪಾಣೆಮಂಗಳೂರಿನವ. ನಾನೂ ಅವನೂ ಒಂದೇ ರೂಮಿನಲ್ಲಿರುದು. ನನಗೆ ನಿನ್ನ ದೆಸೆಯಿಂದ ಗಡ್ಡ, ಅವನಿಗೆ ಮೊದಲಿಂದ್ಲೂ ಉಂಟು. ನೀನು ಎಂತ ಗ್ರಹಿಸಿದ್ದು?"

"ಎಂತದೂ ಇಲ್ಲ ಮಾರಾಯ."

ಅವಳು ಅವನ ಚೀಲವನ್ನು ತಾನೇ ಎತ್ತಿಕೊಂಡಳು. ಒಳಗೆ ಹೋಗಿ ದೀಪ ಹಚ್ಚಿದಳು. ಕೈಮುಗಿದು ನಿಂತಾಗ ಮಾತ್ರ ಏನೋ ಚುಚ್ಚಿತು. ಆ ಗಾಜಿನ ಗೂಡು ಅಲ್ಲೇ ಇದೆ. ಅದರಲ್ಲಿ ಒಬ್ಬ ಕೂತೇ ಇದ್ದಾನೆ. ಅವನಿಗೂ ಒಬ್ಬಳು ತಾಯಿ ಇರಬೇಕು. ಅವಳು ಮೊಬೈಲು ನೋಡುತ್ತಾಳೋ ಇಲ್ಲವೋ.

ಸೋಮವಾರ ಬೆಳಿಗ್ಗೆ ಮಗನ ಚೀಲಕ್ಕೆ ಎರಡು ಬುತ್ತಿ ಇಟ್ಟಳು. "ಒಂದು ನಿನಗೆ. ಇನ್ನೊಂದು ಆ ಮೇಲೆ ಕೂತವನಿಗೆ."

ತರುಣ್ ಬೂಟಿನ ಹಗ್ಗ ಬಿಗಿಯುತ್ತ ತಲೆ ಎತ್ತಲಿಲ್ಲ. "ಆಯ್ತು, ಕೊಡ್ತೇನೆ," ಎಂದ.

ಅಂದಿನಿಂದ ಅದು ರೂಢಿಯಾಯಿತು. ಒಂದು ವಾರ ಒಣಮೀನಿನ ಚಟ್ನಿ, ಇನ್ನೊಂದು ವಾರ ಪತ್ರೊಡೆ. ಕೋಳಿ ಮಾಡಬೇಕೆನಿಸಿದಾಗ, ಯಾಕೂಬನಿಗೆ ನಡೆಯಬೇಕಲ್ಲ ಎಂದು ಮೆಲ್ಕಾರಿಗೆ ನಡೆದು ಅಬ್ಬಾಸನ ಅಂಗಡಿಯಿಂದಲೇ ತಂದಳು. ಬುತ್ತಿಯ ಡಬ್ಬಿ ಖಾಲಿ ಬಂದದ್ದೇ ಇಲ್ಲ. ಯಾಕೂಬನ ಹೆಂಡತಿ ಮಿಸ್ರಿಯಾ ಅದರಲ್ಲಿ ಒಂದಷ್ಟು ಹಪ್ಪಳ, ಇಲ್ಲವೆ ತುಪ್ಪದ ಪರಿಮಳದ ಏನಾದರೊಂದು ಸಿಹಿ ಹಾಕಿ ಕಳಿಸುತ್ತಿದ್ದಳು. ಒಬ್ಬರ ಮುಖ ಒಬ್ಬರು ನೋಡದ ಆ ಇಬ್ಬರು ಹೆಂಗಸರ ನಡುವೆ ಸ್ಟೀಲಿನ ಡಬ್ಬಿಯೊಂದು ಓಡಾಡಿತು.

ಟವರು ಮಾತ್ರ ಬೆಳೆಯುತ್ತಲೇ ಇತ್ತು. ಕಟ್ಟಡ ಮೇಲೆ ಹೋದ ಹಾಗೆ ಕ್ರೇನೂ ತನ್ನನ್ನು ತಾನೇ ಎತ್ತಿಕೊಂಡು ಮೇಲೆ ಹೋಗುತ್ತದೆ ಎಂದು ಮನ್ವಿತ್ ಒಂದು ಗುರುವಾರ ವಿವರಿಸಿದ. ಅದನ್ನು ಕೇಳಿ ಪದ್ಮಾಕ್ಷಿಗೆ ಊಟ ಸೇರಲಿಲ್ಲ. ಪಕ್ಕದ ಮನೆಯ ಪೂವಮ್ಮ ಎಲೆ ಕತ್ತರಿಸಲು ಬಂದು ಕೂತಾಗಲೂ ಅವಳದು ಅದೇ ಮಾತು: ಇನ್ನೆಷ್ಟು ಮಹಡಿ, ಸಾಕು ಎಂದು ಅವರಿಗೆ ಅನಿಸುವುದು ಯಾವಾಗ.

"ನಿನಗೆಂತ ಮಾರಾಯ್ತಿ, ಆ ಬಿಲ್ಡಿಂಗಿನ ಕಂಟ್ರಾಕ್ಟು ಸಿಕ್ಕಿದ್ದಾ?" ಪೂವಮ್ಮ ನಕ್ಕಳು. "ಬೀಡಿ ತೆಗೆದುಕೊಳ್ಳುವ ಬ್ರಾಂಚಿನವ ಸಡಿಲ ಉಂಟು ಅಂತ ವಾಪಸು ಕೊಟ್ಟದ್ದು ನೋಡು. ಕಣ್ಣು ಮೊಬೈಲಿನಲ್ಲಿ, ಕೈ ತಡ್ಪೆಯಲ್ಲಿ."

"ಪಾಪ, ಆ ಯಾಕೂಬ ಗಾಳಿಯಲ್ಲಿ ಕೂತಿರ್ತಾನಲ್ಲ."

"ನಿನ್ನ ಮಗ ನೆಲದಲ್ಲಿದ್ದಾನಲ್ಲ? ಮತ್ತೆ ಊರಿನ ಹೆದರಿಕೆಯೆಲ್ಲ ನೀನೇ ಯಾಕೆ ಹೊರುದು?"

ಪದ್ಮಾಕ್ಷಿ ಸಡಿಲ ಬೀಡಿಯೊಂದನ್ನು ಬಿಚ್ಚಿ ಮತ್ತೆ ಸುರುಟಿದಳು. ಬೇಸಗೆಯ ಮಧ್ಯಾಹ್ನಗಳಲ್ಲಿ ಮನೆಯ ಹಿಂದಿನ ತೆಂಗಿನ ಗರಿ ಅಲುಗಿದರೆ ಸಾಕು, ಅವಳು ಕತ್ತರಿ ಕೆಳಗಿಟ್ಟು ಅಂಗಳಕ್ಕೆ ಬಂದು ಮಂಗಳೂರಿನ ಕಡೆಗೆ ನೋಡುತ್ತಿದ್ದಳು. ಅಂಥ ದಿನ ಗುರುವಾರವಾದರೆ ಪ್ರಾಪ್ತಿ "ಇವತ್ತು ನೆಟ್ ಇಲ್ಲ ಮಾಮಿ, ವೀಡಿಯೋ ಬರುದಿಲ್ಲ" ಎನ್ನುತ್ತಿದ್ದಳು. ಒಂದೆರಡು ಸಲ ಪದ್ಮಾಕ್ಷಿಗೆ ಅದರಿಂದ ಉಪಕಾರವೇ ಆಯಿತು.

ಏಳನೆಯ ತಿಂಗಳಲ್ಲಿ ಒಂದು ಭಾನುವಾರ ಪ್ರಾಪ್ತಿಯ ಬಯಕೆ ಇಟ್ಟುಕೊಂಡರು. ಹೂ ಮುಡಿಸಿ, ಬಯಸಿದ್ದನ್ನೆಲ್ಲ ಬಡಿಸಿ ತಿನ್ನಿಸಿ, ಆ ಸಂಜೆಯೇ ಅವಳನ್ನು ತವರಿಗೆ ಕಳಿಸುವ ಕ್ರಮ. ಅವಳ ತಾಯಿ ಮೋಹಿನಿ ಉಜಿರೆಯ ಕಡೆಯಿಂದ ನಾಲ್ಕಾರು ಹೆಂಗಸರನ್ನು ಕರೆದುಕೊಂಡು ಬೆಳಿಗ್ಗೆಯೇ ಬಂದಿಳಿದಳು. ಮನೆ ತುಂಬ ಮಲ್ಲಿಗೆಯ ಪರಿಮಳ, ಎಣ್ಣೆಯಲ್ಲಿ ಕರಿದ ತಿಂಡಿಗಳ ಪರಿಮಳ. ತರುಣ್ ಮಾತ್ರ ಶನಿವಾರ ಬಂದಿರಲಿಲ್ಲ. ಮೇಲಿನ ಮಹಡಿಗೆ ಕಾಂಕ್ರೀಟು ಹಾಕುವುದು ಅರ್ಧದಲ್ಲಿ ನಿಲ್ಲಿಸುವ ಹಾಗಿಲ್ಲ, ಮಧ್ಯಾಹ್ನದ ಊಟಕ್ಕೆ ಬಂದೇ ಬರುತ್ತೇನೆ ಎಂದು ಫೋನು ಮಾಡಿದ್ದ.

ಊಟದ ಹೊತ್ತಿಗೆ ಬಂದದ್ದು ತರುಣ್ ಅಲ್ಲ. ಸ್ಕೂಟರಿನ ಮುಂದೆ ಗೋಣಿಯಲ್ಲಿ ಸುತ್ತಿದ ಹಲಸಿನ ಹಣ್ಣು ಇಟ್ಟುಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಒಬ್ಬ ಯುವಕ ಅಂಗಳಕ್ಕೆ ಬಂದ. ಕೈಯಲ್ಲಿ ಪದ್ಮಾಕ್ಷಿಯದೇ ಸ್ಟೀಲಿನ ಡಬ್ಬಿ.

"ಪದ್ಮಾಕ್ಷಿ ಅಮ್ಮ ನೀವೇ ಅಲ್ವಾ? ನಾನು ಯಾಕೂಬ್. ತರುಣ ಸ್ವಲ್ಪ ತಡ ಆಗ್ತದೆ ಅಂತ ಹೇಳಿದ. ನನಗೆ ಇವತ್ತು ರಜೆ. ಹಣ್ಣು ಕೊಟ್ಟು ಹೋಗುವ ಅಂತ ಬಂದೆ. ಇದು ಮಿಸ್ರಿಯಾ ಸೊಸೆಗೆ ಅಂತ ಮಾಡಿದ್ದು."

"ಯಾಕೂಬನಾ! ಬಾ, ಬಾ." ಪದ್ಮಾಕ್ಷಿ ಸೆರಗಿಗೆ ಕೈ ಒರಸಿಕೊಳ್ಳುತ್ತ ಮೆಟ್ಟಿಲಿಳಿದು ಬಂದಳು. ಇಷ್ಟು ದಿನ ತಾನು ಹೆದರಿ ಹೆದರಿ ಕಾದ ಮನುಷ್ಯ ಗಟ್ಟಿ ನೆಲದಲ್ಲಿ ನಿಂತು ನಗುತ್ತಿದ್ದಾನೆ. ಅವಳಿಗೆ ಅವನ ತಲೆ ಸವರಬೇಕೆನಿಸಿತು. ಅಷ್ಟರಲ್ಲಿ ಅವನ ಮುಖ ನೋಡಿದಳು. ನುಣ್ಣಗಿನ ಗಲ್ಲ. ನುಣ್ಣಗಿನ ಕೆನ್ನೆ.

"ಗಡ್ಡ ಯಾವಾಗ ತೆಗೆದದ್ದು?"

"ಗಡ್ಡವಾ?" ಯಾಕೂಬ್ ಗಲ್ಲ ಮುಟ್ಟಿಕೊಂಡು ಜೋರಾಗಿ ನಕ್ಕ. "ನನಗೆ ಬಂದ್ರೆ ಅಲ್ವಾ ಅಮ್ಮ ತೆಗೆಯುದು! ಬಿಟ್ಟು ನೋಡಿದೆ, ನಾಲ್ಕೇ ಕೂದಲು. ಆಡಿನ ಗಡ್ಡ ಅಂತ ಮಿಸ್ರಿಯಾ ತಮಾಷೆ ಮಾಡ್ತಾಳೆ."

ಒಳಗೆ ಹೆಂಗಸರು ಪ್ರಾಪ್ತಿಗೆ ಹೂ ಮುಡಿಸುತ್ತಿದ್ದರು. ಯಾರೋ ಏನೋ ತಮಾಷೆ ಹೇಳಿ ಎಲ್ಲರೂ ನಕ್ಕದ್ದು ಕೇಳಿಸಿತು. ಪದ್ಮಾಕ್ಷಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅದು ಇನ್ನೂ ಬಿಸಿ ಇತ್ತು.

"ಇವತ್ತು ಕೆಲಸ ನಡೀತಾ ಉಂಟಲ್ಲ," ಎಂದು ಮೆಲ್ಲಗೆ ಕೇಳಿದಳು. "ನೀನು ಇಲ್ಲಿ. ಹಾಗಾದ್ರೆ ಮೇಲೆ ಯಾರು?"

"ಮೇಲೆ?" ಯಾಕೂಬ್ ಸರಳವಾಗಿಯೇ ಬಾಯಿ ತೆರೆದ. ಅವಳ ಕಣ್ಣು ನೋಡಿದ. ತೆರೆದ ಬಾಯಿ ಹಾಗೆಯೇ ಉಳಿಯಿತು. "ನಾನು ಕೆಳಗೆ ಅಮ್ಮ. ವಾಕಿಟಾಕಿ ಹಿಡಿದು ಎತ್ತು, ಇಳಿಸು ಅಂತ ಹೇಳುವವ. ಮೇಲೆ..."

ಹೇಳಬೇಕಾಗಿರಲಿಲ್ಲ. ಇಷ್ಟು ವಾರ ಅವಳು ಯಾಕೂಬನಿಗೆಂದು ಪಟ್ಟ ಹೆದರಿಕೆಯೆಲ್ಲ ಒಟ್ಟಾಗಿ, ತನ್ನ ಸ್ವಂತ ಮನೆಯ ದಾರಿ ಹುಡುಕಿಕೊಂಡು ಬಂದ ಹಾಗೆ ಬಂದು ಅವಳ ಎದೆಯ ಮೇಲೆ ಕೂತಿತು. ಸೋರೆಬುರುಡೆ ನೆನಪಾಯಿತು. ಒಡೆಯದ ಸೋರೆಬುರುಡೆ.

ಅದೇ ಹೊತ್ತಿಗೆ ಅಂಗಳದ ಬೆಳಕು ಬಣ್ಣ ಬದಲಿಸಿತು. ಪಡುವಣದಲ್ಲಿ, ಮಂಗಳೂರಿನ ದಿಕ್ಕಿನಲ್ಲಿ, ಮೋಡ ಕಪ್ಪಾಗಿ ಏಳುತ್ತಿತ್ತು. ಮಳೆಗಾಲಕ್ಕೆ ಮುಂಚಿನ ಗಾಳಿ ಮೊದಲು ಹೆದ್ದಾರಿಯ ಧೂಳನ್ನು ತಂದಿತು, ಆಮೇಲೆ ಚಪ್ಪರದ ಶೀಟನ್ನು ಒಮ್ಮೆ ಎತ್ತಿ ಕುಕ್ಕಿತು.

"ಅವನಿಗೆ ಫೋನು ಮಾಡು," ಎಂದಳು ಪದ್ಮಾಕ್ಷಿ.

"ಮೇಲೆ ಫೋನು ತೆಗೆಯುದಿಲ್ಲ ಅಮ್ಮ, ತೆಗೆಯಲಿಕ್ಕೆ ಬಿಡುದಿಲ್ಲ. ನಾನು ಕೆಳಗಿನವರಿಗೆ ಮಾಡ್ತೇನೆ. ನೀವು ಒಳಗೆ ಹೋಗಿ. ಸೊಸೆ ಕರೀತಾ ಇದ್ದಾಳೆ. ಹೋಗಿ ಅಮ್ಮ."

"ಗಾಳಿಗೆ ಅದು..."

"ಗಾಳಿ ಬಂದ್ರೆ ನಾವು ಕ್ರೇನನ್ನು ಕಟ್ಟಿ ಹಾಕುದಿಲ್ಲ. ಬಿಟ್ಟುಬಿಡುದು. ಗಾಳಿ ಯಾವ ಕಡೆಗೆ ಹೋಗ್ತದೋ ಅದೂ ಆ ಕಡೆಗೆ ತಿರುಗಿ ನಿಲ್ತದೆ. ಕಟ್ಟಿ ಹಾಕಿದ್ರೇ ಅಪಾಯ. ಬಿಟ್ಟು ಇಳಿದು ಬರುದು, ಅಷ್ಟೇ. ಏಣಿ ಉಂಟು ಒಳಗೆ. ಅವ ಇಳಿತಾನೆ."

"ಎಷ್ಟು ಹೊತ್ತು ಬೇಕು ಇಳಿಯಲಿಕ್ಕೆ?"

ಯಾಕೂಬ್ ಮೊಬೈಲಿನ ಗುಂಡಿ ಒತ್ತುತ್ತ ಆ ಪ್ರಶ್ನೆ ಕೇಳಿಸದವನ ಹಾಗೆ ಬೇಲಿಯ ಕಡೆಗೆ ನಡೆದ.

ಪದ್ಮಾಕ್ಷಿ ಒಳಗೆ ಹೋದಳು. ಪ್ರಾಪ್ತಿ ಹಸಿರು ಸೀರೆಯಲ್ಲಿ, ತಲೆ ತುಂಬ ಮಲ್ಲಿಗೆ ಮುಡಿದು, ಬಾಳೆಎಲೆಯ ಮುಂದೆ ಕೂತಿದ್ದಳು. "ಅತ್ತೆ ಮೊದಲು ತಿನ್ನಿಸಬೇಕು, ಎಲ್ಲಿ ಹೋಗಿದ್ದು?" ಎಂದು ಮೋಹಿನಿ ಜಾಗ ಬಿಟ್ಟುಕೊಟ್ಟಳು. ಪದ್ಮಾಕ್ಷಿ ಮಿಸ್ರಿಯಾಳ ಡಬ್ಬಿ ತೆರೆದು ಒಂದು ತುಂಡು ಸಿಹಿ ಮುರಿದಳು. ಅದು ಬೆರಳಿನಿಂದ ಜಾರಿ ಎಲೆಗೆ ಬಿತ್ತು. ಪ್ರಾಪ್ತಿ ಅತ್ತೆಯ ಮುಖ ನೋಡದೆ, ಬಿದ್ದದ್ದನ್ನು ತಾನೇ ಎತ್ತಿ ಅವಳ ಬೆರಳ ನಡುವೆ ಇಟ್ಟಳು. ಇಟ್ಟ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಆ ಕೈಯೂ ತಣ್ಣಗಿತ್ತು.

ಹೊರಗೆ ಮಳೆ ಶೀಟಿನ ಮೇಲೆ ಕಲ್ಲು ಸುರಿದ ಹಾಗೆ ಬಿತ್ತು. ಕರೆಂಟು ಹೋಯಿತು. ಹೆಂಗಸರು ಗಲಾಟೆ ಮಾಡುತ್ತ ತಿಂಡಿಯ ತಟ್ಟೆಗಳನ್ನು ಒಳಗೆ ಸಾಗಿಸಿದರು. "ಬಯಕೆಯ ದಿನ ಮಳೆ ಬಂದದ್ದು ಒಳ್ಳೆಯದೇ," ಎಂದಳು ಪೂವಮ್ಮ, ಯಾರೂ ಕೇಳದಿದ್ದರೂ. ಪದ್ಮಾಕ್ಷಿ ಬಡಿಸಿದಳು. ನೀರು ಕೊಟ್ಟಳು. ಪಾಯಸ ಬೇಕೇ ಎಂದು ಒಬ್ಬೊಬ್ಬರನ್ನೂ ಕೇಳಿದಳು. ಅವಳ ಮನಸ್ಸು ಮಾತ್ರ ಎಲ್ಲೋ ಒಂದು ಒದ್ದೆ ಏಣಿಯ ಮೆಟ್ಟಿಲ ಮೇಲಿತ್ತು. ಒಂದು ಕಾಲು. ಇನ್ನೊಂದು ಕಾಲು. ಕೈ ಜಾರಬಾರದು. ಅಡುಗೆಮನೆಯ ಕಿಟಕಿಯಿಂದ ಯಾಕೂಬ್ ಕಾಣುತ್ತಿದ್ದ. ಬಚ್ಚಲಿನ ಪಕ್ಕದ ಮಾಡಿನಡಿ, ಅವಳ ಬೀಡಿಯ ತಡ್ಪೆಗೆ ಮಳೆಯ ಎರಚಲು ತಾಗದ ಹಾಗೆ ತನ್ನ ರೇನ್‌ಕೋಟು ಮುಚ್ಚಿ, ತಾನು ಅರ್ಧ ಒದ್ದೆಯಾಗಿ, ಮೊಬೈಲನ್ನು ಕಿವಿಗೊತ್ತಿಕೊಂಡು ನಿಂತಿದ್ದ. ಅವನ ತುಟಿ ಅಲುಗುತ್ತಿತ್ತು. ಯಾರೊಂದಿಗಾದರೂ ಮಾತಾಡುತ್ತಿದ್ದಾನೋ ಪ್ರಾರ್ಥನೆ ಮಾಡುತ್ತಿದ್ದಾನೋ ತಿಳಿಯಲಿಲ್ಲ.

ಪಾಯಸದ ಪಾತ್ರೆಯ ತಳ ಕಾಣುವ ಹೊತ್ತಿಗೆ ಅವನು ಹಿಂಬಾಗಿಲಿಗೆ ಬಂದ. ಒಳಗಿನವರಿಗೆ ಕೇಳಿಸದಷ್ಟು ಮೆಲ್ಲಗೆ ಒಂದೇ ಮಾತು ಹೇಳಿದ.

"ಇಳಿದ."

ಪದ್ಮಾಕ್ಷಿ ಸೌಟನ್ನು ಪಾತ್ರೆಯಲ್ಲಿಟ್ಟಳು. ಗೋಡೆಗೆ ಒರಗಿ ನೆಲದ ಮೇಲೆ ಕೂತಳು. "ನೀನು ಊಟ ಮಾಡಲೇ ಇಲ್ಲವಲ್ಲ," ಎಂದಳು. "ಕೂರು. ಕೋಳಿ ಅಬ್ಬಾಸನ ಅಂಗಡಿಯದ್ದೇ."

ತರುಣ್ ಬಂದಾಗ ಮಳೆ ನಿಂತು, ಸಂಜೆಯ ಹಳದಿ ಬಿಸಿಲು ಬಿದ್ದಿತ್ತು. ಅಂಗಿ ಮೈಗಂಟಿತ್ತು. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಅಂಗಳದಲ್ಲಿ ಯಾಕೂಬನ ಸ್ಕೂಟರು ಕಂಡು ಅವನ ನಡಿಗೆ ಒಂದು ಕ್ಷಣ ತಡೆಯಿತು. ತಾಯಿಯ ಮುಖ ನೋಡಿದ. ಪದ್ಮಾಕ್ಷಿ ಅವನಿಗೆ ಒಣಗಿದ ಬೈರಾಸು ಕೊಟ್ಟಳು. "ತಲೆ ಒರಸು. ಹೆಂಡತಿ ಹೊರಡುವ ಹೊತ್ತಾಯ್ತು," ಎಂದಳು. ಅವನ ಅಂಗೈ ತಿರುಗಿಸಿ ನೋಡಿದಳು. ಏಣಿಯ ತುಕ್ಕು ಅಂಗೈಯ ಗೆರೆಗಳಲ್ಲಿ ಕೆಂಪಗೆ ಕೂತಿತ್ತು.

"ಅಮ್ಮ, ನಾನು..."

"ಈಗ ಬೇಡ."

ಕಾರಿನಲ್ಲಿ ಸಾಮಾನು ತುಂಬಿಸಿದರು. ಪ್ರಾಪ್ತಿ ಅತ್ತೆಯ ಕಾಲು ಮುಟ್ಟಲು ಬಾಗಿದಾಗ ಪದ್ಮಾಕ್ಷಿ ಹೊಟ್ಟೆ ಒತ್ತಬಾರದೆಂದು ಅರ್ಧದಲ್ಲೇ ಹಿಡಿದೆತ್ತಿದಳು. ಎತ್ತಿದವಳ ಕಿವಿಯ ಹತ್ತಿರ ಪ್ರಾಪ್ತಿ ಹೇಳಿದಳು: "ಮಾಮಿ, ಸೋಮವಾರದ ಎರಡನೇ ಬುತ್ತಿ ನಿಲ್ಲಿಸ್ಬೇಡಿ ಆಯ್ತಾ. ಯಾಕೂಬಣ್ಣನಿಗೆ ಒಣಮೀನಿನ ಚಟ್ನಿ ಅಂದ್ರೆ ಜೀವ."

ನಾಲ್ಕು ಹೆಜ್ಜೆ ಆಚೆ ಯಾಕೂಬ್ ನುಣ್ಣಗಿನ ಗಲ್ಲ ಕೆರೆದುಕೊಳ್ಳುತ್ತ ತರುಣನೊಂದಿಗೆ ಏನೋ ಹೇಳುತ್ತಿದ್ದ. ಪ್ರಾಪ್ತಿ ಅವನ ಕಡೆ ನೋಡಲಿಲ್ಲ. ನಗಲೂ ಇಲ್ಲ. ಅತ್ತೆಯ ಮುಂಗೈಯನ್ನು ಬಿಗಿಯಾಗಿ ಹಿಡಿದಿದ್ದಳು. ನೆಟ್ ಇಲ್ಲದ ಗುರುವಾರಗಳೆಲ್ಲ ಪದ್ಮಾಕ್ಷಿಗೆ ಒಂದೊಂದಾಗಿ ನೆನಪಾದವು. ಅವೆಲ್ಲ ಗಾಳಿಯ ದಿನಗಳು.

"ಇಲ್ಲ ಮಗಾ. ನಿಲ್ಲಿಸುದಿಲ್ಲ," ಎಂದಳು.

ಸೋಮವಾರ ಬೆಳಿಗ್ಗೆ ಎರಡು ಬುತ್ತಿ ಕಟ್ಟಿದಳು. ಎರಡನೆಯದನ್ನು ಕೆಂಪು ಅಂಚಿನ ಹೊಸ ಬೈರಾಸಿನಲ್ಲಿ ಸುತ್ತಿ, ಗಂಟು ಹಾಕಿ, ಮಗನ ಕೈಯಲ್ಲೇ ಕೊಟ್ಟಳು. "ಇದು ಮೇಲೆ ಕೂತವನಿಗೆ."

ತರುಣ್ ಬೂಟಿನ ಹಗ್ಗ ಬಿಟ್ಟು ತಲೆ ಎತ್ತಿದ. ಪದ್ಮಾಕ್ಷಿ ಆಗಲೇ ತಡ್ಪೆಯ ಮುಂದೆ ಹೋಗಿ ಕೂತು ಎಲೆ ಒದ್ದೆ ಮಾಡುತ್ತಿದ್ದಳು.

"ಬಿಸಿ ಇರುವಾಗ ತಿನ್ನಲಿಕ್ಕೆ ಹೇಳು ಅವನಿಗೆ," ಎಂದಳು. "ಗಾಳಿ ಬಂದ್ರೆ ಬುತ್ತಿ ಅಲ್ಲೇ ಬಿಟ್ಟು ಇಳೀಲಿ. ಡಬ್ಬಿ ಹೋದ್ರೆ ಹೋಗ್ಲಿ."

ಗುರುವಾರ ಮನ್ವಿತ್ ಎಂದಿನಂತೆ ನಮಸ್ಕಾರ ಹೇಳಿದ. ಕಳೆದ ವಾರದ ಮಳೆಯಿಂದ ಕೆಲಸ ಕೊಂಚ ಕುಂಠಿತಗೊಂಡರೂ ನಮ್ಮ ಟವರ್ ಮತ್ತೊಂದು ಮಹಡಿ ಏರಿದೆ ಎಂದ. ಪದ್ಮಾಕ್ಷಿ ಬೆರಳುಗಳನ್ನು ಸೆರಗಿಗೆ ಚೆನ್ನಾಗಿ ಒರಸಿಕೊಂಡು, ಪ್ರಾಪ್ತಿ ಹೋಗುವ ಮೊದಲು ಕಲಿಸಿಕೊಟ್ಟಂತೆ ವೀಡಿಯೋವನ್ನು ನಿಲ್ಲಿಸಿದಳು. ಎರಡು ಬೆರಳಿನಿಂದ ಹಿಗ್ಗಿಸಿದಳು. ಗಾಜಿನ ಗೂಡಿನಲ್ಲಿ ಗಡ್ಡದವನು ಕೂತಿದ್ದ. ಅವನ ಹಿಂದೆ, ಮೊಳೆಗೋ ಕೊಕ್ಕೆಗೋ ಸಿಕ್ಕಿಸಿದ ಕೆಂಪು ಅಂಚಿನ ಬೈರಾಸು.

ಅವಳು ವೀಡಿಯೋವನ್ನು ಮತ್ತೆ ಓಡಬಿಟ್ಟಳು. ಬೈರಾಸು ನೆಟ್ಟಗೆ ಇಳಿಬಿದ್ದಿತ್ತು; ಅಲುಗಲಿಲ್ಲ. ಡ್ರೋನು ಸಮುದ್ರದ ಕಡೆಗೆ ತಿರುಗುವವರೆಗೂ ಅವಳು ಅದರ ಅಂಚನ್ನೇ ನೋಡುತ್ತಿದ್ದಳು.